ಬಾಲಸಭೆಯಲ್ಲಿ ಕನ್ನಡದ ಮಾತೂ ಕೇಳಲಿ

ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದರಂತೆ ನಡೆಯುತ್ತದೆ. ಅದರ ಸದಸ್ಯರು ಆ ವಾರ್ಡಿನ ಮತದಾರರು, ಎಂದರೆ 18 ವರ್ಷ ತುಂಬಿದವರು. ಆದರೆ ಅಲ್ಲಿ ಚರ್ಚೆಗೆ ಬರುವ ಎಷ್ಟೋ ಸಂಗತಿಗಳು 18 ತುಂಬದವರ ಬದುಕಿಗೆ ಸಂಬಂಧಿಸಿದವು. ಶಾಲೆಯ ಮಾಡು ಸೋರುವುದು, ಶೌಚಾಲಯದಲ್ಲಿ ನೀರಿಲ್ಲದಿರುವುದು, ಮಳೆಗಾಲದಲ್ಲಿ ತೋಡು ದಾಟಲಾಗದೆ ಪಾಠ ತಪ್ಪುವುದು, ಇವನ್ನೆಲ್ಲ ದಿನವೂ ಅನುಭವಿಸುವವರು ಮಕ್ಕಳು. ಅವರ ಪರವಾಗಿ ಮಾತನಾಡುವವರು ಮಾತ್ರ ದೊಡ್ಡವರು. ಅವರಿಗೆ ನೆನಪಾದರೆ ವಿಷಯ ಸಭೆಗೆ ಬರುತ್ತದೆ, ಇಲ್ಲವಾದರೆ ಇಲ್ಲ.

ಈ ಕೊರತೆಯನ್ನು ತುಂಬಬಲ್ಲ ವ್ಯವಸ್ಥೆ ನಮ್ಮಲ್ಲಿ ಇಲ್ಲದಿಲ್ಲ. ಕುಟುಂಬಶ್ರೀಯ ಆಶ್ರಯದಲ್ಲಿ ನೆರೆಕರೆಯ ಮಕ್ಕಳು ಸೇರುವ ಬಾಲಸಭೆಗಳಿವೆ. ಅವುಗಳ ಪ್ರತಿನಿಧಿಗಳು ಕೂಡಿ ಪಂಚಾಯತು ಮಟ್ಟದಲ್ಲಿ ಬಾಲಪಂಚಾಯತು ಆಗುತ್ತದೆ. ಇದು ಶಿಬಿರ, ಸ್ಪರ್ಧೆ, ಬಹುಮಾನಗಳಿಗಷ್ಟೆ ಮುಗಿದುಹೋಗಬೇಕೇ, ಪಂಚಾಯತಿನ ಆಡಳಿತಕ್ಕೆ ಮಕ್ಕಳ ಮಾತು ಮುಟ್ಟಿಸುವ ದಾರಿಯಾಗಬೇಕೇ ಎಂಬುದೇ ಪ್ರಶ್ನೆ.

ದಾರಿಯಾಗಬಲ್ಲದು ಎಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. ಕಾಸರಗೋಡಿನಂತೆ ಹಿಂದೊಮ್ಮೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಕುಂದಾಪುರ ತಾಲೂಕಿನಲ್ಲಿ 1990ರ ದಶಕದಲ್ಲಿ 'ಮಕ್ಕಳ ಪಂಚಾಯತು' ಆರಂಭವಾಯಿತು. ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ ಅದರ ಹಿಂದಿತ್ತು. ಕೆರಾಡಿಯಂತಹ ಊರುಗಳಲ್ಲಿ ಶಾಲೆಗೆ ಹೋಗುವ ಮಕ್ಕಳೂ ಶಾಲೆ ಬಿಟ್ಟು ದುಡಿಯುತ್ತಿದ್ದ ಮಕ್ಕಳೂ ಮತ ಹಾಕಿ ತಮ್ಮ ಸದಸ್ಯರನ್ನು ಆರಿಸಿದರು. ಅವರು ಬೇಡಿಕೆಯ ಪಟ್ಟಿ ಹಿಡಿದು ಸುಮ್ಮನೆ ಹೋಗಲಿಲ್ಲ. ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿದರು, ಎಲ್ಲೆಲ್ಲಿ ಕಾಲುಸಂಕ ಬೇಕು ಎಂದು ಲೆಕ್ಕ ಕೊಟ್ಟು ಕೇಳಿದರು. ಆಮೇಲೆ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಗ್ರಾಮ ಪಂಚಾಯತುಗಳೂ ನಡೆಸಬೇಕಾದ ಸಭೆಯಾಯಿತು. ಎಲ್ಲ ಕಡೆ ಅದು ಒಂದೇ ಹುರುಪಿನಿಂದ ನಡೆಯುತ್ತಿದೆ ಎಂದಲ್ಲ. ಆದರೆ ಮಕ್ಕಳು ಕೇಳಬಹುದು, ಪಂಚಾಯತು ಉತ್ತರ ಕೊಡಬೇಕು ಎಂಬ ರೂಢಿ ಬಂತು.

ಇದನ್ನು ನೋಡಿ ನಾವು ಕಲಿಯಬೇಕಾದದ್ದು ಎರಡು. ಮಕ್ಕಳ ಪ್ರತಿನಿಧಿಯನ್ನು ಮಕ್ಕಳೇ ಆರಿಸಬೇಕು. ಚೆನ್ನಾಗಿ ಭಾಷಣ ಮಾಡುವ ಒಬ್ಬರನ್ನು ಅಧ್ಯಾಪಕರು ನೇಮಿಸಿದರೆ ಸಾಲದು. ಅವರು ಕೇಳಿದ್ದಕ್ಕೆ ಬರಹದಲ್ಲಿ ಉತ್ತರ ಬರಬೇಕು. ಆಗುವುದಿಲ್ಲ ಎಂದಾದರೂ ಸರಿ, ಯಾಕೆ ಆಗುವುದಿಲ್ಲ ಎಂದು ತಿಳಿಸಬೇಕು.

ನಮ್ಮ ಗಡಿನಾಡಿಗೆ ಮೂರನೆಯದೊಂದು ಉಂಟು, ಅದು ಭಾಷೆ. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಸಭೆಗೆ ಬಂದಾಗ ಸೂಚನಾಪತ್ರ ಮಲಯಾಳದಲ್ಲಿ, ಚರ್ಚೆ ಮಲಯಾಳದಲ್ಲಿ, ನಿರ್ಣಯವೂ ಮಲಯಾಳದಲ್ಲಿ ಇದ್ದರೆ ಅವಳು ಹಿಂದಿನ ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ ಬರುತ್ತಾಳೆ. ಅವಳಿಗೆ ಹೇಳಲು ಏನೂ ಇರಲಿಲ್ಲ ಎಂದು ಎಲ್ಲರೂ ತಿಳಿಯುತ್ತಾರೆ. ಮಲಯಾಳ ಕಲಿಯುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ಕಲಿಯುವ ಭಾಷೆ ಬೇರೆ, ಸಂಕಟ ಹೇಳಿಕೊಳ್ಳುವ ಭಾಷೆ ಬೇರೆ.

ಈ ಮಕ್ಕಳ ಸಂಕಟ ಸಣ್ಣದೂ ಅಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗ ಮಕ್ಕಳು ಪಾಠ ಬಿಟ್ಟು ಶಾಲೆಯ ಅಂಗಳದಲ್ಲಿ ಧರಣಿ ಕೂತದ್ದನ್ನು ಈ ಜಿಲ್ಲೆ ಕಂಡಿದೆ. ಕೇಳುವ ಬೇರೆ ಜಾಗವಿದ್ದಿದ್ದರೆ ಅವರು ಅಂಗಳಕ್ಕೆ ಇಳಿಯುತ್ತಿದ್ದರೇ?

ಅಧ್ಯಾಪಕರ ನೇಮಕ ಪಂಚಾಯತಿನ ಕೈಯಲ್ಲಿಲ್ಲ, ಬಾಲಪಂಚಾಯತಿನಿಂದ ಏನು ಸಾಧ್ಯ ಎಂದು ಕೇಳುವವರಿದ್ದಾರೆ. ನೇಮಕ ಕೈಯಲ್ಲಿಲ್ಲ, ನಿಜ. ಆದರೆ ಅಧಿಕಾರ ವಿಕೇಂದ್ರೀಕರಣದ ಬಳಿಕ ಸರಕಾರಿ ಪ್ರಾಥಮಿಕ ಶಾಲೆಗಳ ಹೊಣೆ ಗ್ರಾಮ ಪಂಚಾಯತಿನದು, ಹೈಸ್ಕೂಲುಗಳದ್ದು ಜಿಲ್ಲಾ ಪಂಚಾಯತಿನದು. ಕಟ್ಟಡ, ನೀರು, ವಾಚನಾಲಯಕ್ಕೆ ಕನ್ನಡ ಪುಸ್ತಕ, ಇವು ಇಲ್ಲಿಯೇ ತೀರ್ಮಾನವಾಗಬಲ್ಲವು. ಉಳಿದದ್ದಕ್ಕೆ ನಿರ್ಣಯ ಮಾಡಿ ಮೇಲಕ್ಕೆ ಕಳುಹಿಸಬಹುದು. ಮಕ್ಕಳು ಆರಿಸಿದ ಸಭೆಯೊಂದು ಕಳುಹಿಸಿದ ಕಾಗದವನ್ನು ಬದಿಗೆ ಸರಿಸುವುದು ಅಷ್ಟು ಸುಲಭವಲ್ಲ.

ಇದು ಹೊಸ ಹಕ್ಕಿನ ಬೇಡಿಕೆಯೂ ಅಲ್ಲ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಿ ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ದೊಡ್ಡವರಿಗೆ ಸಲ್ಲುವ ಆ ನ್ಯಾಯ ಬಾಲಸಭೆಯ ಮಕ್ಕಳಿಗೂ ಸಲ್ಲಲಿ.

ಆದ್ದರಿಂದ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಪಂಚಾಯತುಗಳು ಬಾಲಸಭೆಯ ಸೂಚನಾಪತ್ರ, ಚರ್ಚೆ, ನಿರ್ಣಯ ಕನ್ನಡದಲ್ಲೂ ನಡೆಯುವಂತೆ ನೋಡಿಕೊಳ್ಳಬೇಕು. ಹೆತ್ತವರು, ಮುಖ್ಯೋಪಾಧ್ಯಾಯರು, ರಕ್ಷಕ-ಶಿಕ್ಷಕ ಸಂಘದವರು ತಮ್ಮ ವಾರ್ಡಿನ ಸದಸ್ಯರಲ್ಲಿ ಒಂದು ಮಾತು ಕೇಳಲಿ: ನಮ್ಮ ವಾರ್ಡಿನ ಬಾಲಸಭೆ ಕಳೆದ ಬಾರಿ ಯಾವಾಗ ಸೇರಿತ್ತು? ನಮ್ಮ ಮಕ್ಕಳು ಅಲ್ಲಿ ಏನು ಕೇಳಿದರು? ಉತ್ತರ ಸಿಗದಿದ್ದರೆ ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ಕನ್ನಡ ಶಾಲೆ ಉಳಿಯಬೇಕೆಂದು ನಾವು ಮಕ್ಕಳ ಪರವಾಗಿ ಬಹಳ ವರ್ಷ ಮಾತನಾಡಿದ್ದೇವೆ. ಅವರೇ ಎದ್ದು ನಿಂತು ಹೇಳುವುದನ್ನು ಈಗ ಕುಳಿತು ಕೇಳೋಣ.