ಗಳಿಕೆ ರಜೆಯ ಲೆಕ್ಕ

ಕಳೆದ ಜನವರಿಯಲ್ಲಿ ನಮ್ಮ ರಜೆಯ ಖಾತೆಯನ್ನು ತೆರೆದು ನೋಡಿದೆವು. ಗಳಿಕೆ ರಜೆ 286 ದಿನಗಳಷ್ಟು ಉಳಿದಿತ್ತು. ಕೇಂದ್ರ ಸರ್ಕಾರದ ನೌಕರರಿಗೆ ಈ ಲೆಕ್ಕ ಬಾಯಿಪಾಠ. ಜನವರಿಗೆ 15, ಜುಲೈಗೆ 15, ಹೀಗೆ ವರ್ಷಕ್ಕೆ 30 ದಿನಗಳು ಖಾತೆಗೆ ಸೇರುತ್ತವೆ. 300 ದಿನಗಳವರೆಗೆ ಕೂಡಿಟ್ಟುಕೊಂಡರೆ ನಿವೃತ್ತಿಯಾದಾಗ ಹತ್ತು ತಿಂಗಳ ಸಂಬಳದಷ್ಟು ನಗದು ಒಟ್ಟಿಗೆ ಕೈಗೆ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಹಿರಿಯ ಗುಮಾಸ್ತರೊಬ್ಬರು, ರಜೆಯನ್ನು ಖರ್ಚು ಮಾಡುವವನು ದಡ್ಡನೆಂದು ನಮಗೆ ಉಪದೇಶಿಸಿದ್ದರು. ಇಪ್ಪತ್ತು ವರ್ಷ ನಾವು ಜಾಣರಾಗಿಯೇ ಇದ್ದೆವು.

ಎರಡು ವರ್ಷಗಳ ಹಿಂದೆ, ಅಂಕೋಲೆಯ ಬಳಿಯ ನಮ್ಮ ಊರಿನಲ್ಲಿ ತಂದೆಯವರು ಹಾಸಿಗೆ ಹಿಡಿದರು. ನಾವು ಹಾಕಿದ್ದು ಆರು ದಿನಗಳ ರಜೆ. ಅದು ಮಾರ್ಚ್ ತಿಂಗಳು, ವರ್ಷಾಂತ್ಯದ ಲೆಕ್ಕಪತ್ರಗಳ ಕಾಲ. ಮೇಲಧಿಕಾರಿಗಳು ಬೇಡವೆನ್ನಲಿಲ್ಲ, ಹೆಚ್ಚು ದಿನಗಳನ್ನು ನಾವೇ ಕೇಳಲಿಲ್ಲ. ಹೊರಡುವ ಹಿಂದಿನ ಸಂಜೆ ತಂದೆಯವರು, "ತಮ್ಮಾ, ಇನ್ನು ರಜೆ ಇಲ್ವೋ?" ಎಂದು ಕೇಳಿದರು. "ಇಲ್ಲ ಅಪ್ಪ" ಎಂದೆವು. ಮೂರು ವಾರಗಳ ಬಳಿಕ ಮತ್ತೆ ಹೋದದ್ದು ಕ್ರಿಯೆಗಳಿಗೆ. ಅಂದು ಖಾತೆಯಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ದಿನಗಳಿದ್ದವು.

ಆದುದರಿಂದ ಸಂಬಳಕ್ಕಾಗಿ ಆಯುಷ್ಯವನ್ನು ಮಾರಿಕೊಳ್ಳುವುದು ಸರಿಯೇ ಎಂದು ಇಂದಿನ ತರುಣರು ಕೇಳಿದಾಗ ನಾವು ಮೊದಲಿನಂತೆ ನಕ್ಕು ಸುಮ್ಮನಾಗಲಾರೆವು. ಡೊಂಬಿವಲಿಯ ಮನೆಯಿಂದ ಕೋಟೆ ಪ್ರದೇಶದ ಕಚೇರಿಗೆ ಹೋಗಿ ಬರಲು ದಿನಕ್ಕೆ ಮೂರು ಗಂಟೆ. ವರ್ಷಕ್ಕೆ ಸುಮಾರು 240 ಕೆಲಸದ ದಿನಗಳೆಂದರೆ 720 ಗಂಟೆ, ಅಂದರೆ ಹಗಲೂ ರಾತ್ರಿಯೂ ಸೇರಿದ 30 ಪೂರ್ಣ ದಿನಗಳು. ಸರ್ಕಾರ ಕೊಡುವ ಗಳಿಕೆ ರಜೆಯಷ್ಟನ್ನೇ ಲೋಕಲ್ ರೈಲು ಸದ್ದಿಲ್ಲದೆ ತೆಗೆದುಕೊಳ್ಳುತ್ತದೆ. ಅದಕ್ಕೆ ಯಾವ ಖಾತೆಯೂ ಇಲ್ಲ, ನಗದೂ ಇಲ್ಲ.

ಹಾಗೆಂದು ನೌಕರಿಯನ್ನೇ ಹಳಿಯುವವರ ಸಾಲಿನಲ್ಲಿ ನಿಲ್ಲಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಬೇಸಾಯ ಉತ್ತಮ, ವ್ಯಾಪಾರ ಮಧ್ಯಮ, ಚಾಕರಿ ಕನಿಷ್ಠ ಎಂಬ ಗಾದೆಯನ್ನು ನಮ್ಮ ಮರಾಠಿ ನೆರೆಹೊರೆಯವರು ಆಗಾಗ ಹೇಳುತ್ತಾರೆ. ಆ ಉತ್ತಮ ಬೇಸಾಯವನ್ನು ನಾವು ಕಂಡಿದ್ದೇವೆ. ಮಳೆ ಕೈಕೊಟ್ಟ ವರ್ಷ ತಂದೆಯವರು ಯಾರ ಜಗಲಿಯ ಮೇಲೆ ಕೈಕಟ್ಟಿ ಕುಳಿತಿರುತ್ತಿದ್ದರೆಂಬುದು ನಮಗಿನ್ನೂ ನೆನಪಿದೆ. ಈ ಕನಿಷ್ಠ ಚಾಕರಿಯೇ ತಂಗಿಯನ್ನು ಓದಿಸಿತು. ಊರಿನ ಮನೆಗೆ ಹೊಸ ಮಾಡು ಹೊದಿಸಿತು. ಯಾರ ಜಗಲಿಯನ್ನೂ ಹತ್ತದಂತೆ ನಮ್ಮನ್ನು ಕಾಯಿತು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಬಾಯಿಗೆ ಒಂದು ದಿನ ತಪ್ಪಿದರೆ ಎಷ್ಟೋ ಮನೆಗಳಲ್ಲಿ ಸಂಬಳ ಕಡಿತವಾಗುತ್ತದೆ. ಈ ದೇಶದ ದುಡಿಯುವವರಲ್ಲಿ ಬಹುಪಾಲಿನವರು ಅಂಥವರೇ. ರಜೆಯೆಂಬ ಹಕ್ಕನ್ನೇ ಕಾಣದವರ ನಡುವೆ ನಿಂತು ನೌಕರಿ ಬಂಧನವೆಂದು ಹಾಡುವುದು ಹೊಟ್ಟೆ ತುಂಬಿದವರ ಮಾತಾದೀತು.

ಎಂ.ಎ. ತರಗತಿಯಲ್ಲಿ ನಾವು ಚಾರ್ಲ್ಸ್ ಲ್ಯಾಂಬನನ್ನು ವಿನೋದದ ಪ್ರಬಂಧಕಾರನೆಂದು ಓದಿದೆವು. ಅವನು ನಮ್ಮ ಜಾತಿಯವನೇ ಎಂದು ಅಂದು ಹೊಳೆಯಲಿಲ್ಲ. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಲೆಕ್ಕದ ಗುಮಾಸ್ತನಾಗಿ ಸೇರಿ, 33 ವರ್ಷ ದುಡಿದು, 1825ರಲ್ಲಿ ಪಿಂಚಣಿಯೊಡನೆ ಹೊರಬಂದವನು ಅವನು. ಅದೇ ವರ್ಷ ತನ್ನ ನಿವೃತ್ತಿಯನ್ನು ಕುರಿತು ಒಂದು ಪ್ರಬಂಧ ಬರೆದ. ಸೆರೆಯಿಂದ ಬಿಟ್ಟವನಂತೆ, ದೊರೆತ ಕಾಲವನ್ನು ಏನು ಮಾಡಬೇಕೆಂದು ತೋಚದೆ ತಬ್ಬಿಬ್ಬಾದ ಮನುಷ್ಯನ ಚಿತ್ರ ಅದರಲ್ಲಿದೆ. 1834ರಲ್ಲಿ ಅವನು ತೀರಿಕೊಂಡ. 33 ವರ್ಷಗಳ ದುಡಿಮೆಗೆ ಒಂಬತ್ತು ವರ್ಷಗಳ ಬಿಡುವು. ಆದರೆ ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದ ಅಕ್ಕ ಮೇರಿಯನ್ನು ಅವನು ಸಾಕಿದ್ದು ಆ ಗುಮಾಸ್ತಿಕೆಯ ಸಂಬಳದಿಂದಲೇ. ಅವನ ಹೆಸರಾಂತ ಪ್ರಬಂಧಗಳಲ್ಲಿ ಹೆಚ್ಚಿನವು ಹುಟ್ಟಿದ್ದೂ ಕಚೇರಿಯ ವರ್ಷಗಳಲ್ಲಿಯೇ. ನೌಕರಿ ಅವನನ್ನು ತಿಂದಿತೋ ಉಳಿಸಿತೋ ಎಂದು ಒಂದೇ ಮಾತಿನಲ್ಲಿ ಹೇಳುವುದು ಸುಲಭವಲ್ಲ.

ನಮ್ಮದೇ ಪರಂಪರೆಯಲ್ಲಿ ಇದಕ್ಕೊಂದು ಅಳತೆಗೋಲಿದೆ. ಕಾಯಕವನ್ನು ಎತ್ತಿ ಹಿಡಿದ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ರಾಜಸೇವೆ ಎಂಬ ಒಂದೇ ಕಾರಣಕ್ಕೆ ದುಡಿಮೆ ಕೀಳಾಗಲಿಲ್ಲ. ಆದರೆ ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನೂ ಇದ್ದಳು. ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬಾ ಎಂದು ಅವಳು ಹಿಂದಕ್ಕೆ ಕಳುಹಿಸಿದಳು. ಕಾಯಕ ಎಲ್ಲಿ ಮುಗಿದು ಆಸೆ ಎಲ್ಲಿ ತೊಡಗುತ್ತದೆ ಎಂಬುದು ಅವಳಿಗೆ ತಿಳಿದಿತ್ತು. ನಮಗೆ ತಿಳಿಯದೇ ಹೋದದ್ದು ಅದೇ. ಕಚೇರಿ ಕೇಳಿದ್ದು ದಿನಕ್ಕೆ ಎಂಟೂವರೆ ಗಂಟೆ. ಕೇಳದೆಯೇ ನಾವು ಕೊಟ್ಟದ್ದು ಭಾನುವಾರದ ಕಡತಗಳು, ರಾತ್ರಿ ಹತ್ತಕ್ಕೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಉತ್ತರಗಳು, ಮತ್ತು ತಂದೆಯವರ ಕೊನೆಯ ಮೂರು ವಾರಗಳು.

ನಿಯಮದ ಪ್ರಕಾರ ಇಪ್ಪತ್ತು ವರ್ಷ ಸೇವೆ ಮುಗಿಸಿದವರು ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂನಿವೃತ್ತಿ ಪಡೆಯಬಹುದು. ಆ ಅರ್ಜಿಯ ಕರಡನ್ನು ನಾವು ಒಮ್ಮೆ ಬರೆದದ್ದೂ ಉಂಟು. ಕೊಡಲಿಲ್ಲ. 2004ರ ನಂತರ ಸೇರಿದ ನಮಗೆ ಹಳೆಯ ಪಿಂಚಣಿಯಿಲ್ಲ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಏಕೀಕೃತ ಯೋಜನೆಯಲ್ಲಿ ಪೂರ್ಣ ಪ್ರಮಾಣದ ಪಿಂಚಣಿಗೆ 25 ವರ್ಷಗಳ ಸೇವೆ ಬೇಕು. ಮಗಳು ಇನ್ನೂ ಕಾಲೇಜು ಮೆಟ್ಟಿಲು ಹತ್ತಬೇಕು. ಈ ಲೆಕ್ಕಗಳನ್ನು ಹೇಡಿತನವೆನ್ನುವವರು ಎನ್ನಲಿ. ಕಚೇರಿಯ ಹೊತ್ತಿಗೆ ಸಂಬಳ ತಕ್ಕ ಬೆಲೆಯೆಂದೇ ನಾವು ನಂಬುತ್ತೇವೆ. ಆದರೆ ರಜೆಗೆ ನಗದು ತಕ್ಕ ಬೆಲೆಯಲ್ಲ. ನಿವೃತ್ತಿಯಂದು 300 ದಿನಗಳ ಹಣ ಬಂದೀತು. ಅದರಿಂದ ಆ ಮಾರ್ಚ್ ತಿಂಗಳ ಒಂದು ಸಂಜೆಯನ್ನೂ ಕೊಳ್ಳಲಾಗದು.

ಪರಊರಿನಲ್ಲಿ ದುಡಿಯುವ ನಮ್ಮಂಥವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಪುಣೆಯಲ್ಲಿರಲಿ, ದೆಹಲಿಯಲ್ಲಿರಲಿ, ನಮ್ಮ ತಂದೆತಾಯಿಯರೂ ನಮ್ಮ ನುಡಿಯೂ ಒಂದು ರಾತ್ರಿಯ ಅಥವಾ ಎರಡು ರಾತ್ರಿಯ ರೈಲಿನಾಚೆ ಇವೆ. ಅಲ್ಲಿಗೆ ನಮ್ಮನ್ನು ತಲುಪಿಸುವುದು ರಜೆಯೊಂದೇ.

ಊರಿನಲ್ಲಿ ತಾಯಿಯವರು ಈಗ ಒಬ್ಬರೇ ಇದ್ದಾರೆ. ಮುಂದಿನ ತಿಂಗಳಿಗೆ 25 ದಿನಗಳ ರಜೆ ಬೇಕೆಂದು ಅರ್ಜಿ ಹಾಕಿದ್ದೇವೆ; ಮಂಜೂರಾಗಿದೆ. ಸಹೋದ್ಯೋಗಿಗಳು, ಮನೆಯಲ್ಲಿ ಮದುವೆಯೇ, ಕಾಯಿಲೆಯೇ ಎಂದು ವಿಚಾರಿಸಿದರು. ಎರಡೂ ಅಲ್ಲ. ಅರ್ಜಿಯಲ್ಲಿ ಕಾರಣ ಕೇಳುವ ಕಾಲಮ್ಮಿನಲ್ಲಿ ಇಷ್ಟು ವರ್ಷ ಏನೋ ತಪ್ಪು ಮಾಡುತ್ತಿರುವಂತೆ ಬರೆಯುತ್ತಿದ್ದ ಮಾತನ್ನೇ ಈ ಸಲವೂ ಬರೆದೆವು: ಸ್ವಂತ ಕೆಲಸ.