ಬಡವರ ಮಕ್ಕಳ ಬೆಂಚು ಎಲ್ಲಿ?

ಕಾಲೇಜಿನಿಂದ ಬಡವರ ಮಕ್ಕಳು ಪಡೆಯುವುದು ಪದವಿಯೊಂದನ್ನೇ ಅಲ್ಲ. ಗಿರಣಿ ಕಾರ್ಮಿಕನ ಮಗ ವಕೀಲರ ಮಗನೊಡನೆ ಒಂದೇ ಬೆಂಚಿನಲ್ಲಿ ಕೂರುತ್ತಾನೆ. ಹಾಸ್ಟೆಲಿನಲ್ಲಿ ಬೇರೆ ಜಾತಿಯವನೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾನೆ. ಎಲ್ಲಿ ಕೆಲಸ ಖಾಲಿಯಿದೆ ಎಂಬ ಸುದ್ದಿ ಅವನ ಕಿವಿಗೆ ಬೀಳುವುದು ಅಲ್ಲಿಯೇ. ಇಂಥ ಸುದ್ದಿ ಆಪ್ತರಿಗಿಂತ ದೂರದ ಪರಿಚಯಸ್ಥರಿಂದಲೇ ಹೆಚ್ಚು ಬರುತ್ತದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ತೋರಿಸಿದ್ದಾರೆ.

2020ರ ಮಾರ್ಚಿಯಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿ, ಪಾಠ ಮೊಬೈಲಿಗೆ ಬಂತು. ಹಳೆಯ ಗೆಳೆಯರು ಫೋನಿನಲ್ಲಿ ಉಳಿದರು. ಹೊಸಬರ ಪರಿಚಯಕ್ಕೆ ದಾರಿ ಉಳಿಯಲಿಲ್ಲ. ಅದೂ ಫೋನಿದ್ದವರ ಮಾತು! 2017–18ರ ಸರ್ಕಾರಿ ಸಮೀಕ್ಷೆಯಂತೆ ಇಂಟರ್‌ನೆಟ್ ಸೌಕರ್ಯವಿದ್ದದ್ದು ನೂರಕ್ಕೆ ಸುಮಾರು 15 ಹಳ್ಳಿ ಮನೆಗಳಿಗೆ, 42 ಪಟ್ಟಣದ ಮನೆಗಳಿಗೆ.

ಸಂಕಟಕಾಲದ ಏರ್ಪಾಡು ಸಂಕಟದೊಡನೆ ಮುಗಿಯಬೇಕಿತ್ತು. ಆದರೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರಲ್ಲಿ, ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ಕೋರ್ಸುಗಳನ್ನು ‘ಸ್ವಯಂ’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಓದಬಹುದೆಂದು ನಿಯಮ ಮಾಡಿತು. 2016ರಲ್ಲಿ ಈ ಮಿತಿ 20 ಇತ್ತು.

ಶ್ರೀಮಂತನ ಮಗನಿಗೆ ಇದರಿಂದ ನಷ್ಟವೇನು? ಬೇಕಾದ ಪರಿಚಯಗಳೆಲ್ಲ ಅವನ ಅಪ್ಪನ ಜಗಲಿಯಲ್ಲೇ ಇವೆ. ಮುಖಪರಿಚಯವಿಲ್ಲದೆ ಉದ್ರಿ ಹುಟ್ಟದೆಂದು ಅಂಗಡಿಯವರು ಬಲ್ಲರು. ಸಂಘ ಬೆಳೆದದ್ದು ಗಿರಣಿಯ ಗೇಟಿನಲ್ಲೆಂದು ಕಾರ್ಮಿಕರು ಬಲ್ಲರು. ಒಂಟಿ ಕೋಣೆಯಲ್ಲಿ ಪರದೆ ನೋಡುವ ಹುಡುಗ ಫೀಸು ಏರಿದಾಗ ಯಾರ ಹೆಗಲಿಗೆ ಹೆಗಲು ಕೊಟ್ಟಾನು?

ಆನ್‌ಲೈನ್ ಪಾಠ ತರಗತಿಗೆ ನೆರವಾಗಲಿ, ತರಗತಿಯನ್ನು ನುಂಗುವುದು ಬೇಡ. ಅಧ್ಯಾಪಕರನ್ನು ನೇಮಿಸಿ, ಹಾಸ್ಟೆಲುಗಳನ್ನು ಕಟ್ಟಿಸಿ. ನಮ್ಮ ಮಕ್ಕಳ ಬೆಂಚನ್ನು ನಾವು ಬಿಟ್ಟುಕೊಡುವುದಿಲ್ಲ!