ತಂತಿ ಹಾಕಿಸಿದ ರಾತ್ರಿ ನಿಮ್ಮ ಮಾತೂ ಮದ್ದು

ಮಗಳ ಹಲ್ಲಿಗೆ ತಂತಿ ಹಾಕಿಸಿ ಮನೆಗೆ ಬಂದಿದ್ದೀರಿ. ಕೆಲವೇ ಗಂಟೆಗಳಲ್ಲಿ ನೋವು ಶುರುವಾಗುತ್ತದೆ, ಮರುದಿನ ಹೆಚ್ಚುತ್ತದೆ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಆ ರಾತ್ರಿ ನೀವಾಡುವ ಮಾತೂ ಮದ್ದಾಗಬಲ್ಲದು.

2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತಂತಿ ಹಾಕಿಸಿಕೊಂಡ 150 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಫೋನ್ ಮಾಡಿ ಧೈರ್ಯ ಹೇಳಿದರು, ಇನ್ನೊಂದಕ್ಕೆ ಬರೀ ಧನ್ಯವಾದ ಹೇಳಿದರು, ಮೂರನೆಯದಕ್ಕೆ ಫೋನೇ ಇಲ್ಲ. ಫೋನ್ ಬಂದ ಎರಡೂ ಗುಂಪುಗಳಲ್ಲಿ ನೋವು, ಆತಂಕ ಕಡಿಮೆಯಿತ್ತು. ಯಾರೋ ವಿಚಾರಿಸಿದರು ಎಂಬುದೇ ಸಾಕಾಗಿತ್ತು.

ಇದು ಬರೀ ಭ್ರಮೆಯಲ್ಲ. 1978ರಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗದಲ್ಲಿ, ಔಷಧಿಯೇ ಇಲ್ಲದ ಹುಸಿಮದ್ದಿನಿಂದ ಕೆಲವರ ನೋವು ತಗ್ಗಿತು. ಎಂಡಾರ್ಫಿನ್ ಕೆಲಸವನ್ನು ತಡೆಯುವ ನಲೋಕ್ಸೋನ್ ಕೊಟ್ಟಾಗ ಅವರ ನೋವು ಮತ್ತೆ ಏರಿತು. ಅಂದರೆ, ಭರವಸೆಯಿಂದ ದೇಹವೇ ತನ್ನ ನೋವುನಿವಾರಕವನ್ನು ಬಿಡುಗಡೆ ಮಾಡುತ್ತದೆ ಎಂಬುದಕ್ಕೆ ಅದು ಸುಳಿವು.

ಹಾಗೆಂದು ಮಗುವಿಗೆ ಸುಳ್ಳು ಹೇಳಿ ಸಕ್ಕರೆ ಗುಳಿಗೆ ಕೊಡಬೇಡಿ. 'ಸ್ವಲ್ಪವೂ ನೋಯುವುದಿಲ್ಲ' ಎಂದರೆ ಮುಂದಿನ ಸಲ ಆಕೆ ನಿಮ್ಮನ್ನು ನಂಬಲಾರಳು. 'ಅಯ್ಯೋ, ಭಯಂಕರ ನೋವಂತೆ' ಎಂಬ ನೆಂಟರ ಮಾತೂ ನೋವನ್ನು ಹೆಚ್ಚಿಸಬಲ್ಲದು. 'ಎರಡು ಮೂರು ದಿನ ನೋಯುತ್ತದೆ, ಆಮೇಲೆ ಇಳಿಯುತ್ತದೆ, ನಾನಿದ್ದೇನೆ' ಎನ್ನಿ. ಮೆತ್ತಗಿನ ಗಂಜಿ ಕೊಡಿ. ಬೇಕಾದರೆ ವೈದ್ಯರು ಹೇಳಿದ ಮಾತ್ರೆಯನ್ನೂ ಕೊಡಿ.

ತಂತಿ ಚುಚ್ಚುತ್ತಿದ್ದರೆ, ವಾರವಾದರೂ ನೋವು ಇಳಿಯದಿದ್ದರೆ ದಂತವೈದ್ಯರ ಬಳಿಗೇ ಹೋಗಬೇಕು. ಮಾತು ನೋವನ್ನು ತಗ್ಗಿಸೀತು, ಚುಚ್ಚುವ ತಂತಿಯನ್ನು ಸರಿಪಡಿಸದು.